ಪಟ್ಟಿ ಎಲ್ಲಿ, ಮೇಡಂ?

ನಮ್ಮ ಮನೆತನ ಕೊಡಗಿನ ಹುದಿಕೇರಿ ಕಡೆಯದು. ತಲೆತಲಾಂತರದಿಂದ ಊರಿನ ತಕ್ಕರು, ಅಂದರೆ ಮುಖ್ಯಸ್ಥರು, ನಮ್ಮವರೇ. ನಮ್ಮಜ್ಜ ಜಗಲಿಯಲ್ಲಿ ಒಮ್ಮೆ ಕೆಮ್ಮಿದರೆ ಅಂಗಳದ ಜಗಳ ನಿಲ್ಲುತ್ತಿತ್ತು, ನಾಯಿಗಳೂ ಸುಮ್ಮನಾಗುತ್ತಿದ್ದವು. ನಾನು ಕಾನ್ವೆಂಟಿನಲ್ಲಿ ಓದಿದವಳು, ಆಸ್ಪತ್ರೆಯ ಮೇಟ್ರನ್ ಆಗಿ ನಿವೃತ್ತಳಾದವಳು. ಇಷ್ಟೆಲ್ಲ ಇದ್ದೂ, ನಮ್ಮೂರ ಹೈಸ್ಕೂಲಿನ ಮಕ್ಕಳನ್ನು ಪಶುವೈದ್ಯರ ಸಹಾಯಕರನ್ನಾಗಿ ತಯಾರು ಮಾಡಲು ಒಪ್ಪಿಕೊಂಡಂದಿನಿಂದ ನನ್ನ ಮರ್ಯಾದೆಗೆ ವಾರಕ್ಕೊಂದು ಪರೀಕ್ಷೆ ತಪ್ಪಿಲ್ಲ.

ರೋಗ, ಔಷಧಿ ಡಾಕ್ಟರ ಪಾಲು. ಗಾಯ ತೊಳೆಯುವುದು, ಬ್ಯಾಂಡೇಜು ಸುತ್ತುವುದು, ಉಗುರಿನ ಕೊಳೆ ತೆಗೆಯುವುದು (ಮಕ್ಕಳದ್ದು) ನನ್ನ ಪಾಲು. ವರ್ಷದ ಕೊನೆಗೆ ಶಾಲಾ ಸಮಿತಿ ನೋಡಿ ಮೆಚ್ಚಿದರೆ ಮಾತ್ರ ತರಗತಿ ಉಳಿಯುತ್ತದೆ ಎಂಬ ಷರತ್ತಿತ್ತು.

ಇಂಗ್ಲಿಷ್ ನಾಯಿ

ಎಸ್ಟೇಟಿನ ಒಡತಿಯೊಬ್ಬರು ಕಾರಿನಲ್ಲಿ ಲ್ಯಾಬ್ರಡಾರ್ ನಾಯಿಯನ್ನು ತಂದರು. ಕಿವಿ ತೊಳೆಯಬೇಕಿತ್ತು. ನಮ್ಮ ಹುಡುಗ "ಕೂತ್ಕೋ, ಕೂತ್ಕೋ" ಎಂದು ಬೇಡಿಕೊಂಡರೂ ಅದು ಕೂರಲಿಲ್ಲ.

"ಅವನಿಗೆ ಕನ್ನಡ ಬರಲ್ಲಪ್ಪ. ಓನ್ಲಿ ಇಂಗ್ಲಿಷ್" ಎಂದರು ಒಡತಿ.

ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿದ್ದ ಹುಡುಗ ನಾಯಿಯನ್ನು ಗೌರವದಿಂದ ನೋಡಿ ಕೇಳಿದ: "ಆಂಟಿ, ಇವನು ಯಾವ ಟ್ಯೂಷನ್ನಿಗೆ ಹೋಗ್ತಾನೆ?"

ಆರೈಕೆ

ಇನ್ನೊಬ್ಬ ಹುಡುಗ ಮನೆಯಿಂದ ಕಾಲು ಗಾಯವಾದ ಹಂದಿಮರಿಯನ್ನು ತಂದ. ದಿನಾ ತೊಳೆದ, ಮುಲಾಮು ಹಚ್ಚಿದ, ಗಂಜಿ ಕುಡಿಸಿದ. ನನ್ನ ಕಣ್ಣು ತುಂಬಿತು. ಎಲ್ಲರನ್ನೂ ಕರೆದು, "ನೋಡಿ, ಮೂಕಪ್ರಾಣಿಯ ಮೇಲೆ ಪ್ರೀತಿ ಅಂದರೆ ಇದು" ಎಂದೆ.

"ಹೌದು ಮೇಡಂ," ಎಂದ ಅವನು, "ಕೈಲ್‌ಪೊಳ್ದ್ ಹಬ್ಬದ ಊಟದ ಹೊತ್ತಿಗೆ ಮೈ ತುಂಬಬೇಕಲ್ಲ."

ಶುದ್ಧ ಕನ್ನಡ

ಸಮಿತಿಯವರು ಬರುವ ತಿಂಗಳಲ್ಲಿ ನಮ್ಮ ಹೆಡ್‌ಮಾಸ್ಟರಿಗೆ ಭಾಷಾಭಿಮಾನ ಉಕ್ಕಿತು. ಬ್ಯಾಂಡೇಜು ಎನ್ನಕೂಡದು, 'ಪಟ್ಟಿ' ಎನ್ನಬೇಕು ಎಂದು ಅಪ್ಪಣೆಯಾಯಿತು. ಕನ್ನಡ ಮಾತಾಡಿದ್ದಕ್ಕೆ ಕಾನ್ವೆಂಟಿನಲ್ಲಿ ಮಂಡಿಯೂರಿದ ನಾನು, ಈಗ ಇಂಗ್ಲಿಷ್ ಮಾತಾಡಿದ್ದಕ್ಕೆ ಉಪದೇಶ ಕೇಳಿದೆ. "ಸರ್, ಇದು ಕೊಡಗು. ನಾಲ್ಕು ಭಾಷೆಯ ಮಕ್ಕಳು. ಬ್ಯಾಂಡೇಜು ಎಂದರೆ ಎಲ್ಲರಿಗೂ ತಿಳಿಯುತ್ತದೆ" ಎಂದರೂ ಕೇಳಲಿಲ್ಲ.

ಮರುದಿನ ಕಾಲಿಗೆ ಗಾಯವಾದ ನಾಯಿಯೊಂದು ಬಂತು. ಒಂಬತ್ತನೇ ಕ್ಲಾಸಿನ ಹುಡುಗಿಗೆ, "ಬೇಗ ಪಟ್ಟಿ ಕಟ್ಟು" ಎಂದೆ. ಅವಳ ಮನೆಮಾತು ಮಲಯಾಳ. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ನಾನು ತಿರುಗಿ ನೋಡುವಷ್ಟರಲ್ಲಿ ನಾಯಿಯನ್ನು ನನ್ನ ಕುರ್ಚಿಯ ಕಾಲಿಗೆ ಕಟ್ಟಿದ್ದಳು. ಅದರ ಗಾಯದಿಂದ ರಕ್ತ ಸುರಿಯುತ್ತಲೇ ಇತ್ತು. "ಗಟ್ಟಿ ಕಟ್ಟಿದ್ದೀನಿ ಮೇಡಂ," ಎಂದಳು, "ಓಡಿ ಹೋಗಲ್ಲ."

ಮೈಕು

ಪಟ್ಟಿ ಎಂದರೆ ಬ್ಯಾಂಡೇಜು ಎಂದು ಆ ಹುಡುಗಿಗೆ ಚೆನ್ನಾಗಿ ತಿದ್ದಿ ಹೇಳಿಕೊಟ್ಟೆ. ಸಮಿತಿಯ ಎದುರು ಅವಳೇ ಕಟ್ಟಬೇಕೆಂದು ನಿಶ್ಚಯಿಸಿದೆ. ಆ ದಿನ ಅಂಗಳದ ತುಂಬ ಪೋಷಕರು. ಮೇಜಿನ ಮೇಲೆ ನಾಯಿ. ಗಾಯ ತೊಳೆದ ಹುಡುಗಿ ಒಂದು ಕೈಯಲ್ಲಿ ಅದರ ಕಾಲು ಹಿಡಿದು, ಇನ್ನೊಂದನ್ನು ನನ್ನತ್ತ ಚಾಚಿ, "ಪಟ್ಟಿ, ಮೇಡಂ" ಎಂದಳು.

ಬ್ಯಾಂಡೇಜಿನ ಸುರುಳಿ ನನ್ನ ಏಪ್ರನ್ ಜೇಬಿನಲ್ಲಿ ಸಿಕ್ಕಿಕೊಂಡಿತ್ತು. ಎಳೆದೆ, ಬರಲಿಲ್ಲ.

"ಪಟ್ಟಿ! ಮೇಡಂ! ಪಟ್ಟಿ!" ಎಂದು ಹುಡುಗಿ ಜೋರಾಗಿ ಕೂಗಿದಳು.

ಹಿಂದಿನ ಸಾಲಿನಿಂದ ಅವಳ ಅಜ್ಜಿ ಕೊಡೆ ಎತ್ತಿಕೊಂಡು ಎದ್ದು ಮಲಯಾಳದಲ್ಲೇ ಗದರಿದರು. "ಎಡೀ! ಟೀಚರಿಗೇ ನಾಯಿ ಅಂತೀಯಾ?"

ಮಲಯಾಳ ಬಲ್ಲವರು ನಕ್ಕರು. ಅವರನ್ನು ಕೇಳಿ ತಿಳಿದುಕೊಂಡು ಉಳಿದವರೂ ನಕ್ಕರು. ತರಗತಿ ಮುಳುಗಿತು ಎಂದುಕೊಂಡೆ. ಆಗ ಹೆಡ್‌ಮಾಸ್ಟರು ಸಭೆಯನ್ನು ಸಮಾಧಾನಪಡಿಸಲು ಮೈಕು ಹಿಡಿದು, ಪೇಟೆಯ ತುದಿಯವರೆಗೆ ಕೇಳುವಂತೆ ಘೋಷಿಸಿದರು:

"ಪೋಷಕರು ದಯವಿಟ್ಟು ಗಮನಿಸಬೇಕು. ನಮ್ಮ ಮೇಡಂ ನಾಯಿ ಅಲ್ಲ!"

ಈ ಗದ್ದಲದಲ್ಲೂ ಹುಡುಗಿ ಸುರುಳಿಯನ್ನು ನನ್ನ ಜೇಬಿನಿಂದ ತಾನೇ ಕಿತ್ತುಕೊಂಡು, ಒಂದು ಸುಕ್ಕಿಲ್ಲದಂತೆ ಕಟ್ಟಿ ಮುಗಿಸಿದ್ದಳು. ಸಮಿತಿಯ ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತ ತರಗತಿ ಮುಂದುವರಿಯಲಿ ಎಂದರು. ಮೆಚ್ಚಿದ್ದು ನಗುವಿಗೋ ಪಟ್ಟಿ ಕಟ್ಟಿದ್ದಕ್ಕೋ, ನಾನು ವಿಚಾರಿಸಲಿಲ್ಲ.

ಹುಡುಗಿ ಕ್ಷಮೆ ಕೇಳಲು ಬಂದಳು. ಬೇಡವೆಂದೆ; ಅವಳ ಕನ್ನಡ ಸರಿಯಾಗಿಯೇ ಇತ್ತು. ಆದರೆ ನಮ್ಮಜ್ಜ ತಕ್ಕರಾಗಿದ್ದ ಊರಿನಲ್ಲಿ, ನಾನು ನಾಯಿಯಲ್ಲವೆಂದು ಯಾರೂ ಸಾರಿ ಹೇಳುವ ಅಗತ್ಯವಿರಲಿಲ್ಲ. ಹೆಡ್‌ಮಾಸ್ಟರು ಕ್ಷಮೆ ಕೇಳಬೇಕು. ಅದೇ ಮೈಕಿನಲ್ಲಿ.