ಕೀಳಿಸದ ಹಲ್ಲು

ಸುಳ್ಳು ಹೇಳುವುದೇ ಆದರೆ ಹಲ್ಲಿನ ಸುಳ್ಳು ಹೇಳಬಾರದು. ಕಂಡವರೆಲ್ಲ ಬಾಯಿ ತೆಗೆ, ನೋಡೋಣ ಅನ್ನುತ್ತಾರೆ. ಈ ಬುದ್ಧಿ ಮಾರ್ನಿಗೆ ಬಂದದ್ದು ಬುಧವಾರ. ಸುಳ್ಳು ಹೇಳಿದ್ದು ಮಂಗಳವಾರ.

ಮಿನೆಸೋಟದ ಆ ಊರಿನಲ್ಲಿ ಏಳುನೂರು ಜನ, ಒಂದು ಚರ್ಚು, ಒಂದು ಶಾಲೆ. ಶಾಲೆಯ ಕಚೇರಿಯಲ್ಲಿ ಮಾರ್ನಿ, ಎದುರು ಮೇಜಿನಲ್ಲಿ ಲವಾನ್. ರಜೆ ಚೀಟಿ ಕಂಡದ್ದೇ ತಡ, ಲವಾನ್ ಕನ್ನಡಕ ಏರಿಸಿದಳು.

"ನಾಳೆ ಯಾಕೇ ರಜ?"

ಮಾರ್ನಿ ಮಗುವಿಗಾಗಿ ಕಾಯತೊಡಗಿ ನಾಲ್ಕು ವರ್ಷವಾಗಿತ್ತು. ಗರ್ಭನಾಳ ತೆರೆದಿದೆಯೋ ಮುಚ್ಚಿದೆಯೋ ತಿಳಿಯಲು ಒಳಗೆ ಬಣ್ಣ ಹಾಯಿಸಿ ಎಕ್ಸ್‌ರೇ ತೆಗೆಯಬೇಕು ಎಂದಿದ್ದರು ಡಾಕ್ಟರು. ಅದನ್ನು ಲವಾನಳಿಗೆ ಹೇಳುವುದೂ ಒಂದೇ, ಚರ್ಚಿನ ಗಂಟೆ ಬಾರಿಸುವುದೂ ಒಂದೇ.

"ಹಲ್ಲು ಕೀಳಿಸ್ಬೇಕು," ಎಂದುಬಿಟ್ಟಳು.

"ಬುಧವಾರ ನಮ್ಮ ಹಲ್ಲಿನ ಡಾಕ್ಟ್ರು ಮೀನು ಹಿಡಿಯೋಕೆ ಹೋಗ್ತಾರಲ್ಲೇ?"

"ಇಲ್ಲಲ್ಲ, ದೊಡ್ಡೂರಿನ ಆಸ್ಪತ್ರೇಲಿ. ಕಡೇ ಹಲ್ಲು, ಅಡ್ಡ ಬೆಳೆದಿದೆ."

"ಅಯ್ಯೋ ಪಾಪ! ಯಾವ ಕಡೆ?"

ಮಾರ್ನಿ ಎಡಗೆನ್ನೆ ಮುಟ್ಟಿಕೊಂಡಳು. ಅಲ್ಲಿಗೆ ಕೆಲಸ ಕೆಟ್ಟಿತು.

ಆ ಚರ್ಚಿನಲ್ಲಿ ಪ್ರಾರ್ಥನೆಯ ಸರಪಣಿ ಅಂತ ಒಂದಿದೆ. ಯಾರಿಗಾದರೂ ಕಾಯಿಲೆಯೆಂದರೆ ಮೊದಲ ಮನೆಯವರು ಎರಡನೆಯವರಿಗೆ ಫೋನು ಮಾಡಬೇಕು, ಎರಡನೆಯವರು ಮೂರನೆಯವರಿಗೆ, ಹೀಗೆ ನಲವತ್ತೊಂದು ಮನೆ. ದೇವರಿಗೆ ಸುದ್ದಿ ಮುಟ್ಟುವುದು ಆಮೇಲೆ. ಸರಪಣಿಯ ಯಜಮಾನಿ ಮಾರ್ನಿಯ ಪಕ್ಕದ ಮನೆಯ ಆರ್ಡಿಸಜ್ಜಿ. ಎಪ್ಪತ್ತೆಂಟು ವಯಸ್ಸು, ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ.

ಬುಧವಾರ ಬೆಳಿಗ್ಗೆ ಗಂಡ ಗೇಲನ್ ರಜೆ ಹಾಕಿ ಕಾರು ತೆಗೆದ. ಅವನ ಕೆಲಸ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುವುದು. ಸ್ವಂತ ಕಾರನ್ನೂ ಅದೇ ಗತ್ತಿನಲ್ಲಿ ಓಡಿಸುತ್ತಿದ್ದ. ಪೆಟ್ರೋಲ್ ಬಂಕಿನವನು ಕಿಟಕಿಗೆ ಬಗ್ಗಿದ.

"ಎಡಗಡೇದಂತೆ? ನನ್ನ ಭಾವಮೈದುನಂಗೆ ದವಡೇನೇ ಹೋಯ್ತು. ಧೈರ್ಯವಾಗಿರು ತಾಯಿ."

ಆಸ್ಪತ್ರೆ ಮುಟ್ಟುವುದರೊಳಗೆ ಹನ್ನೊಂದು ಫೋನು ಬಂದವು. ಮಾರ್ನಿ ಹನ್ನೊಂದು ಸಲವೂ ಬಾಯಿ ಓರೆ ಮಾಡಿಕೊಂಡೇ ಮಾತಾಡಿದಳು.

ಎಕ್ಸ್‌ರೇ ಕೋಣೆಯ ಮುಂದೆ ಬೆಂಚಿನ ಮೇಲೆ ಕೂತಿದ್ದವರು ಸಾಕ್ಷಾತ್ ಆರ್ಡಿಸಜ್ಜಿ!

"ನೋಡು ದೇವರ ಲೀಲೆ! ನಾನು ಸೊಂಟ ತೋರಿಸೋಕೆ ಬಂದೆ. ಹಲ್ಲಿಗೆ ಇಲ್ಲಿಗ್ಯಾಕೆ ಬಂದ್ರಿ ಮಗಾ?"

"ಮೊದ್ಲು ದವಡೆ ಎಕ್ಸ್‌ರೇ," ಎಂದ ಗೇಲನ್.

ಅಜ್ಜಿ ಮಾರ್ನಿಯ ಕೈ ಹಿಡಿದು, ಎಡ ದವಡೆಯನ್ನು ಕಾಪಾಡಪ್ಪಾ ಎಂದು ಗಟ್ಟಿಯಾಗಿ ಪ್ರಾರ್ಥಿಸಿದರು. ಕಾಲಿಗೆ ಪಟ್ಟಿ ಹಾಕಿಸಿಕೊಂಡಿದ್ದ ಅಪರಿಚಿತನೊಬ್ಬ ಆಮೆನ್ ಅಂದ. ಅಷ್ಟರಲ್ಲಿ ನರ್ಸು ಕಾಗದ ಹಿಡಿದು ಬಂದಳು.

"ಕಡೇ ಸಲ ಮುಟ್ಟಾದದ್ದು ಯಾವಾಗಮ್ಮ?"

ಆಮೆನ್ ಅಂದವನು ಮಾರ್ನಿಯ ದವಡೆ ನೋಡಿದ.

"ಈಗ ಹಲ್ಲಿಗೂ ಏನೇನೆಲ್ಲ ಕೇಳ್ತಾರೆ!" ಎಂದ ಗೇಲನ್.

ಆರ್ಡಿಸಜ್ಜಿ ಕಿಟಕಿಯಾಚೆಯ ಹಿಮ ನೋಡಿದರು. "ಹೌದಪ್ಪ. ಕಾಲ ಮುಂದುವರೀತು."

ಒಳಗೆ ಮೇಜು ಮಂಜುಗಡ್ಡೆಯ ಹಾಗಿತ್ತು. ಗೇಲನ್ ಎಕ್ಸ್‌ರೇ ತಡೆಯುವ ಸೀಸದ ಅಂಗಿ ತೊಟ್ಟು ತಲೆಯ ಬಳಿ ನಿಂತು ಅವಳ ಕೈ ಹಿಡಿದುಕೊಂಡ. ಗಾಬರಿಯಾದರೆ ಬಾಯಿ ನಿಲ್ಲದ ಪ್ರಾಣಿ ಅವನು. ಕೆರೆಯ ಮೇಲಿನ ಹಿಮಗಡ್ಡೆ ಈ ವರ್ಷ ಎಷ್ಟು ದಪ್ಪವಾಗಿದೆ ಎಂದು ಡಾಕ್ಟರಿಗೆ ವಿವರಿಸತೊಡಗಿದ. ಮಾರ್ನಿಗೆ ಹೊಟ್ಟೆಯೊಳಗೆ ಯಾರೋ ಹಿಂಡಿದಂತಾಯಿತು. ಪರದೆಯ ಮೇಲೆ ಬಲಗಡೆಯೂ ಎಡಗಡೆಯೂ ಬಣ್ಣ ಎಳೆಯಾಗಿ ಹೊರಟು, ಎರಡೂ ಕಡೆ ನಾಳದ ಬಾಗಿಲಲ್ಲೇ ನಿಂತುಬಿಟ್ಟಿತು.

"ಅದು ಒಳ್ಳೇದಾ?" ಎಂದು ಕೇಳಿದ ಗೇಲನ್.

ಮಾರ್ನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೈ ಹಿಡಿದವನು ಪಕ್ಕದಲ್ಲೇ ಇದ್ದ, ಆದರೆ ಬಣ್ಣ ನಿಂತದ್ದು ಅವಳ ಒಳಗೆ. ಇಷ್ಟು ಒಂಟಿತನ ಅವಳಿಗೆ ಹಿಂದೆಂದೂ ಅನ್ನಿಸಿರಲಿಲ್ಲ.

"ನಿಜವಾಗಿ ಮುಚ್ಚಿರಬಹುದು, ಹೆದರಿಕೆಗೆ ಬಿಗಿದುಕೊಂಡೂ ಇರಬಹುದು. ಈಗ ಹೇಳೋಕಾಗಲ್ಲ," ಎಂದರು ಡಾಕ್ಟರು. "ಮುಂದಿನ ತಿಂಗಳು ಇನ್ನೊಂದ್ಸಲ ನೋಡೋಣ. ಮನಸ್ಸು ಹಗುರ ಇಟ್ಕೊಂಡು ಬನ್ನಿ."

ದಾರಿಯಲ್ಲಿ ಹತ್ತಿ ಕೊಂಡು ಎಡಗೆನ್ನೆಗೆ ತುರುಕಿಕೊಂಡದ್ದು ಒಳ್ಳೆಯದೇ ಆಯಿತು. ಮನೆ ಮುಂದೆ ಆರು ಕಾರು ನಿಂತಿದ್ದವು. ಅಡುಗೆಮನೆಯಲ್ಲಿ ಹಿಸುಕಿದ ಆಲೂಗಡ್ಡೆ, ಬೇಯಿಸಿ ಅರೆದ ಸೇಬು, ಕ್ಯಾರೆಟ್ ತುರಿ ಹಾಕಿದ ಹಸಿರು ಜೆಲ್ಲಿ; ಒಂಬತ್ತು ಪಾತ್ರೆ, ಒಂದರಲ್ಲೂ ಅಗಿಯುವಂಥದ್ದಿಲ್ಲ. ಮಾರ್ನಿ ಹೊಟ್ಟೆನೋವಿಗೆ ಸೋಫಾದಲ್ಲಿ ಮಲಗಿ, ಹೊದಿಕೆಯೊಳಗೆ ಬಿಸಿನೀರಿನ ಚೀಲ ಇಟ್ಟುಕೊಂಡಳು. ಲವಾನ್ ಹಾರಿ ಬಂದಳು.

"ಅಯ್ಯಯ್ಯೋ, ಚೀಲ ಜಾರಿ ಹೊಟ್ಟೆಗೆ ಬಂದಿದೆ ಕಣೇ!" ಎಂದು ಅದನ್ನು ಕಿತ್ತು, ಟವೆಲ್ಲಿನಿಂದ ಎಡಗೆನ್ನೆಗೆ ಕಟ್ಟಿಯೇಬಿಟ್ಟಳು. ಹೊಟ್ಟೆ ಹಿಂಡುತ್ತಿತ್ತು, ಕೆನ್ನೆ ಬೇಯುತ್ತಿತ್ತು. ಮಾರ್ನಿಯ ಕಣ್ಣಲ್ಲಿ ನೀರು ಬಂತು. ಹಲ್ಲುನೋವು ಹಾಗೇ ಎಂದು ಎಲ್ಲರೂ ತಲೆಯಾಡಿಸಿದರು.

ಎಲ್ಲರೂ ಹೋದರು. ಗೇಲನ್ ಅಡುಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತಿದ್ದ. ಉಳಿದಿದ್ದ ಆರ್ಡಿಸಜ್ಜಿ ಹತ್ತಿರ ಬಂದು, ಟವೆಲ್ ಬಿಚ್ಚಿ, ಚೀಲವನ್ನು ಅವಳ ಕಿಬ್ಬೊಟ್ಟೆಯ ಮೇಲಿಟ್ಟರು.

"ಎಪ್ಪತ್ತೊಂಬತ್ತನೇ ಇಸವೀಲಿ ನಾನೂ ಹಲ್ಲು ಕೀಳಿಸ್ದೆ ಮಗಾ, ಅದೇ ಆಸ್ಪತ್ರೇಲಿ. ಎರಡು ಸಲ."

ಮಾರ್ನಿ ಹತ್ತಿ ಉಗಿದು, ಆ ಕೈ ಹಿಡಿದುಕೊಂಡು ಅತ್ತಳು. ಏನೂ ಗೊತ್ತಾಗಲಿಲ್ಲವೆಂದೂ ಮುಂದಿನ ತಿಂಗಳು ಮತ್ತೆ ಹೋಗಬೇಕೆಂದೂ ಹೇಳಿದಳು. ನಾಲ್ಕು ವರ್ಷದಲ್ಲಿ ಮೊದಲ ಬಾರಿ ಎದೆ ಹಗುರವಾಯಿತು.

"ನೀವು ಯಾರಿಗೂ ಹೇಳ್ಬೇಡಿ ಅಜ್ಜಿ."

"ಛೆ, ನಾನ್ಯಾರಿಗೆ ಹೇಳ್ಲಿ! ಆಸ್ಪತ್ರೆಯಿಂದ ಸರಪಣಿಗೆ ಒಂದು ಫೋನು ಮಾಡಿದೆ, ಅಷ್ಟೆ. ನಮಗೆ ಗೊತ್ತು ಅಂತ ಮಾರ್ನಿಗೆ ಗೊತ್ತಾಗದ ಹಾಗೆ ನಡ್ಕೊಳ್ಳಿ, ಹಲ್ಲು ಅಂತಲೇ ಇರಲಿ ಅಂತ ಎಲ್ಲರ ಹತ್ರ ಮಾತು ತಗೊಂಡಿದೀನಿ. ಲವಾನ್ ಮಾತ್ರ ಸ್ವಲ್ಪ ಜಾಸ್ತಿ ನಟಿಸಿದ್ಲು. ಕ್ರಿಸ್ಮಸ್ ನಾಟಕದಲ್ಲೂ ಅವಳದ್ದು ಅದೇ ಕಥೆ."

ಮಾರ್ನಿ ಎದ್ದು ಕೂತಳು. ನಲವತ್ತೊಂದು ಮನೆ!

"ಹಾಗಾದ್ರೆ... ನಾಳೆ ಲವಾನ್ ಹತ್ರ ನಾನೇ ಮಾತಾಡ್ಲಾ?"

ಅಜ್ಜಿ ಗಾಬರಿಯಾದರು. "ಬೇಡ ಬೇಡ! ಪಾಪ, ಅವರಿಗೆಲ್ಲ ಎಷ್ಟು ಮುಜುಗರ ಆಗುತ್ತೆ!"

"ನಿಮಗೆ... ಎರಡನೇ ಸಲ ಏನಂದ್ರು ಅಜ್ಜಿ?"

ಆರ್ಡಿಸಜ್ಜಿ ಕೋಟು ತೊಟ್ಟರು. ಅದರ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು. "ಜೆಲ್ಲಿ ತಿನ್ನು ಮಗಾ, ಕರಗಿಬಿಡುತ್ತೆ," ಎಂದು ಹೊರಟರು.

ಹತ್ತು ನಿಮಿಷಕ್ಕೆ ಲವಾನಳ ಸಂದೇಶ ಬಂತು: "ಮುಂದಿನ ತಿಂಗಳು ಬಲಗಡೆ ಹಲ್ಲೂ ಕೀಳ್ತಾರಂತೆ? ರಜ ಬರೆದಿಟ್ಟಿದೀನಿ. ನಮ್ಮಮ್ಮ ಸೂಪು ಮಾಡ್ತಾಳೆ."

ಗೇಲನ್ ಎರಡು ಚಮಚ, ಒಂದು ಬಟ್ಟಲು ಜೆಲ್ಲಿ ಹಿಡಿದು ಬಂದ. "ಒಂದು ಪುಣ್ಯ, ಯಾರಿಗೂ ಗೊತ್ತಾಗಲಿಲ್ಲ," ಎಂದ ಸಮಾಧಾನದಿಂದ.

ಮಾರ್ನಿ ಹೌದೆಂದು ತಲೆಯಾಡಿಸಿ ಚಮಚ ತೆಗೆದುಕೊಂಡಳು. ಜೆಲ್ಲಿಯಲ್ಲಿ ಕ್ಯಾರೆಟ್ ತುರಿ ಇತ್ತು. ಅದನ್ನು ಬಲಗಡೆಯಿಂದಲೇ, ಮೆಲ್ಲಗೆ, ಜೋಪಾನವಾಗಿ ಅಗಿದಳು.