ಹನ್ನೊಂದು ಬೆನ್ನುಗಳೂ ನನ್ನ ಸ್ವಂತ ಸರ್ವರೂ

ತನ್ನ ಮಾಹಿತಿಯ ಮೇಲೆ ತನಗೇ ಒಡೆತನವಿಲ್ಲದ ಮನುಷ್ಯ ಸ್ವತಂತ್ರನಲ್ಲ. ಈ ಮಾತು ನನಗೆ ಹೊಳೆದದ್ದು ಹಲ್ಲುಜ್ಜುವಾಗ. ಬಾಯಿ ಮುಕ್ಕಳಿಸಿ ಅಲ್ಲೇ ಬಿಟ್ಟಿದ್ದರೆ ಸಾಕಿತ್ತು.

ಬಿಡಲಿಲ್ಲ. ಬಸವೇಶ್ವರನಗರದ ನಮ್ಮ ಮನೆಯವರು ಬ್ರೌಸರಿನಲ್ಲಿ ಗುರುತು ಹಾಕಿಟ್ಟ ಪುಟಗಳೆಲ್ಲ ಯಾವುದೋ ದೇಶದ ಕಂಪನಿಯ ಸುಪರ್ದಿಯಲ್ಲಿರುವುದು ನನ್ನ ಆತ್ಮಗೌರವಕ್ಕೆ ಒಪ್ಪಲಿಲ್ಲ. ಹಳೆಯ ಲ್ಯಾಪ್‌ಟಾಪನ್ನು ದೇವರಮನೆಯ ಪಕ್ಕದಲ್ಲಿಟ್ಟು, ನಾಲ್ಕು ದಿನ ತಪಸ್ಸು ಮಾಡಿ, ಸ್ವಂತ ಸಿಂಕ್ ಸರ್ವರ್ ಸ್ಥಾಪಿಸಿದೆ. ಇನ್ನು ಮುಂದೆ ಒಂದು ಫೋನಿನಲ್ಲಿ ಉಳಿಸಿದ ಪುಟ ಮನೆಯ ಎಲ್ಲ ಯಂತ್ರಗಳಲ್ಲೂ ಕಾಣತಕ್ಕದ್ದು!

"ನಂಗೆ ಬೇರೆ ಅಕೌಂಟ್ ಮಾಡ್ಕೊಡ್ರೀ," ಎಂದಳು ಹೆಂಡತಿ ಸುಮಿತ್ರಾ. ಅವಳು ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ.

"ಒಂದೇ ಮನೆ, ಒಂದೇ ಒಲೆ. ಅಕೌಂಟೂ ಒಂದೇ ಸಾಕು ಕಣೇ."

ಮರುದಿನ ನನ್ನ ಕಂಪ್ಯೂಟರ್ ತೆರೆದರೆ, ನಾನು ಉಳಿಸಿಟ್ಟ ಥೈರಾಯ್ಡ್ ಲೇಖನಗಳ ನಡುವೆ ಹನ್ನೊಂದು ಹೆಂಗಸರ ಬೆನ್ನುಗಳು! ಕಣ್ಣು ಅರ್ಧ ಮುಚ್ಚಿಕೊಂಡು ಹನ್ನೊಂದನ್ನೂ ಅಳಿಸಿದೆ. ಸರ್ವರ್ ಚೊಕ್ಕವಾಗಿ ಕೆಲಸ ಮಾಡಿತು. ಸುಮಿತ್ರಾಳ ಫೋನಿನಿಂದಲೂ ಅಳಿಸಿತು.

"ರೀ, ಮಾರೇನಹಳ್ಳಿ ಮದುವೆಮನೆಯವ್ರ ರವಿಕೆ ಬೆನ್ನಿನ ಡಿಸೈನ್‌ಗಳು ಎಲ್ರೀ? ಒಬ್ರದ್ ಥರ ಇನ್ನೊಬ್ರದು ಇರಬಾರ್ದು ಅಂತ ಹನ್ನೊಂದ್ ಜನಾನೂ ಕೂತು ಆರಿಸಿದ್ದು. ಭಾನುವಾರ ಮದುವೆ!"

"ಬ್ಯಾಕಪ್ ಇರುತ್ತೆ."

"ಎಲ್ಲಿ?"

"ಸರ್ವರಲ್ಲಿ."

ಸರ್ವರಿನಲ್ಲೂ ಇರಲಿಲ್ಲ. ನಾನು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುವ, ನಮ್ಮ ಮನೆಯ ಏಕೈಕ ಸದಸ್ಯ ಅದು.

"ಚಪ್ಪರದ ಗಲಾಟೇಲಿ ಅಲ್ಲಿ ಯಾರೂ ಫೋನ್ ಎತ್ತುತ್ತಿಲ್ಲ. ನಾನ್ ಮಷೀನ್ ಬಿಟ್ಟು ಏಳಂಗಿಲ್ಲ. ಹೋಗಿ, ನೀವೇ ಕೇಳ್ಕೊಂಡ್ ಬನ್ನಿ!"

ಹೋದೆ. ಬಾಗಿಲಲ್ಲಿ ವಧುವಿನ ತಂದೆಯೇ ನಿಂತಿದ್ದರು.

"ಸಾರ್, ನಿಮ್ಮನೆ ಹೆಂಗಸರ ಬೆನ್ನಿನ ವಿಷಯ ಸ್ವಲ್ಪ ಮಾತಾಡ್ಬೇಕಿತ್ತು," ಎಂದೆ. ಗಂಭೀರವಾಗಿಯೇ ಎಂದೆ.

ಚಪ್ಪರ ಕಟ್ಟುತ್ತಿದ್ದವರು ಏಣಿಯಿಂದ ಇಳಿದರು.

"ಏನ್ರೀ ಅಂದ್ರಿ?"

"ಅಲ್ಲ ಸಾರ್, ಎಷ್ಟು ಆಳ ಇರ್ಬೇಕು, ದಾರ ಕಟ್ಬೇಕಾ ಬೇಡ್ವಾ..."

"ಯಾರ್ರೀ ನೀವು?"

"ಸಿಂಕ್ ಸರ್ವರ್ ನಡೆಸ್ತೀನಿ ಸಾರ್."

ಸ್ಕೂಟರನ್ನು ಮೂರು ಸಲ ಒದೆಯಬೇಕಾಯಿತು. ಅದು ಸ್ಟಾರ್ಟ್ ಆಗುವವರೆಗೆ ಅವರು ನನ್ನನ್ನು ಮುಟ್ಟದಿದ್ದದ್ದು ಅವರ ದೊಡ್ಡತನ.

ರವಿಕೆಗಳು ಶನಿವಾರ ಸಿದ್ಧವಾದವು. ಹನ್ನೊಂದಕ್ಕೂ ಬೆನ್ನಿಗೆ ಸಾದಾ ಗುಂಡು ಕತ್ತು.