ಲಿಂಕಿನ ಬಾಲ

ಶಿರಸಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಕಿರಣ ಆ ಭಾನುವಾರ ಬೆಳಗ್ಗೆ ಮಾಡಿದ ತಪ್ಪು ಬಹಳ ಸಣ್ಣದು. ಹೆಸರು ಬರೆಯಬೇಕಾದಲ್ಲಿ ಅಡ್ಡಹೆಸರು ಬರೆದ.

ಗುಡ್ನಾಪುರದ ಕಡೆಯ ಹೈಸ್ಕೂಲಿನಲ್ಲಿ ಅವನ ಜೊತೆ ಓದಿದವರೆಲ್ಲ ಇಪ್ಪತ್ತೈದು ವರ್ಷದ ಮೇಲೆ ಮತ್ತೆ ಸೇರುವವರಿದ್ದರು. ಆಮಂತ್ರಣವನ್ನು ವೆಬ್ ಪುಟದಲ್ಲಿ ಹಾಕಿದ್ದಾಗಿತ್ತು. ಅದನ್ನು ಯಾರ್ಯಾರು ತೆರೆದು ನೋಡಿದರೆಂದು ಸಂಘಟಕಿ ರೋಹಿಣಿಗೆ ತಿಳಿಯಬೇಕಿತ್ತು. ನೋಡದವರ ಮನೆಗೆ ಖುದ್ದಾಗಿ ಹೋಗುವವಳು ಅವಳು. ಕಿರಣ ಇದಕ್ಕೆಂದೇ ಪುಟ್ಟ ಪ್ರೋಗ್ರಾಂ ಬರೆದ. ಕಪ್ಪು ಪರದೆಯಲ್ಲಿ ಲಿಂಕ್ ಟೈಪಿಸಿ, ಪಕ್ಕದಲ್ಲಿ ಹೆಸರು ಕೊಟ್ಟು ಎಂಟರ್ ಒತ್ತಿದರೆ ಆ ಹೆಸರು ಲಿಂಕಿನ ತುದಿಗೆ ಬಾಲದಂತೆ ಅಂಟಿಕೊಳ್ಳುತ್ತಿತ್ತು. ಯಾವ ಬಾಲದ ಲಿಂಕನ್ನು ಎಷ್ಟು ಸಲ ಒತ್ತಿದರೆಂದು ಅವನಿಗೆ ಕಾಣುತ್ತಿತ್ತು.

ಹಾಜರಿ ಪಟ್ಟಿಯ ಹೆಸರುಗಳು ಅವನಿಗೆ ಯಾರನ್ನೂ ನೆನಪಿಸಲಿಲ್ಲ. ಅಡ್ಡಹೆಸರು ಟೈಪಿಸತೊಡಗಿದ್ದೇ, ಮುಖಗಳು ಬಂದು ಬೆಂಚಿನ ಮೇಲೆ ಸಾಲಾಗಿ ಕುಳಿತವು. ನಿದ್ದೆಪುಡಿ, ಹುಣಸೆಚಿಗುರು, ಒಂಟಿಚಪ್ಪಲಿ. ಕೆರೆ ಏರಿಯ ಮೇಲೆ ಓಡಿದ್ದು, ಒಂದೇ ಡಬ್ಬಿಯ ಅವಲಕ್ಕಿಗೆ ಆರು ಕೈ ಬಿದ್ದದ್ದು, ಎಲ್ಲ ಎದ್ದು ಬಂತು. ಒಬ್ಬನೇ ನಗುತ್ತ ಎಲ್ಲರಿಗೂ ಕಳಿಸಿದ. ಲಿಂಕಿನ ಬಾಲವನ್ನು ಯಾರು ಓದುತ್ತಾರೆ?

ಎಲ್ಲರೂ ಓದಿದರು.

ಮೊದಲು ಬಂದವನು ಗೊಬ್ಬರದ ಅಂಗಡಿಯ ಪವನ್. "ಏನಲೇ, ನಾನು ನಿದ್ದೆಪುಡಿ ಅಂತ ನನ್ನ ಹೇಣ್ತಿ ಶೈಲಾಗ ಗೊತ್ತಾತು. ಮುಂಜಾನಿಂದ ಅದೇ ಹೆಸರಿನಾಗ ಚಾ ಕುಡಿಯಾಕ ಕರಿಯಾಕತ್ಯಾಳ."

ಆಮೇಲೆ ಫೋನು ಒಲೆ ಮೇಲಿನ ಹಾಲಿನಂತೆ ಉಕ್ಕುತ್ತಲೇ ಇತ್ತು. ಮಧ್ಯಾಹ್ನ ರೋಹಿಣಿಯೇ ಅಂಗಡಿಗೆ ಬಂದಳು.

"ಎಂತ ಮಾಡಿದ್ಯೋ ಮಾರಾಯ? ಎಲ್ಲರೂ ಬಾಲ ಹಿಡ್ಕಂಡು ಜಗಳ ಮಾಡ್ತಿದಾರೆ, ಒಬ್ರೂ ಲಿಂಕ್ ಒತ್ತಿಲ್ಲ. ವೀರಪ್ಪ ಮಾಸ್ತರಿಗೆ ಎಂತ ಅಂತ ಹಾಕಿ ಕಳಿಸಿದೆ?"

ಗಣಿತದ ವೀರಪ್ಪ ಮಾಸ್ತರು ಕಾಲು ಅಗಲಿಸಿ ನಡೆಯುತ್ತಿದ್ದರು. "ಕೈವಾರ" ಎಂದ ಕಿರಣ.

"ಅವರೇ ಮುಖ್ಯ ಅತಿಥಿ. ಅವರು ಬರೂದಿಲ್ಲ ಅಂದ್ರೆ ಯಾರೂ ಬರೂದಿಲ್ಲ. ಈಗಲೇ ಹೋಗಿ ಕಾಲು ಹಿಡಿ."

ಬನವಾಸಿಯ ಮನೆಯ ಕಟ್ಟೆಯ ಮೇಲೆ ಮಾಸ್ತರು ಫೋನು ಹಿಡಿದು ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಿರಣ ಕಾಲಿಗೆ ಬಿದ್ದ. "ತಪ್ಪಾತು ಸರ್."

"ಏಳೋ. ಕೈವಾರ ಅಂತೀರಿ ಅಂತ ನನಗ ಅವತ್ತೇ ಗೊತ್ತಿತ್ತು. ರಿಟೈರ್ ಆದಮ್ಯಾಲ ಹಂಗ ಕರಿಯೋರೇ ಇದ್ದಿಲ್ಲ. ಓದಿ ಕಣ್ಣಾಗ ನೀರು ಬಂತು ನೋಡು."

ಒಳಗಿನಿಂದ ಅವರ ಹೆಂಡತಿ ಮುರಿಗೆವ್ವ ಮಂಡಕ್ಕಿ, ಚಹಾ ತಂದಿಟ್ಟರು. ಕಿರಣನ ಎದೆಯ ಮೇಲಿನ ಕಲ್ಲು ಇಳಿಯಿತು.

"ನಾವೂ ಸ್ಟಾಫ್ ರೂಮಿನಾಗ ನಿಮಗೆಲ್ಲ ಹೆಸರಿಟ್ಟಿದ್ವಿ" ಎಂದರು ಮಾಸ್ತರು. "ನೀನು 'ನಕಲುಪ್ರತಿ'. ಪರೀಕ್ಷಾದಾಗ ಪವನನ ಪೇಪರ್ ನೋಡಿ ಬರಿಯೋವಾಗ ಅವನ ಹೆಸರೂ ಬರದಿದ್ದಿ."

ಅದನ್ನು ಇಪ್ಪತ್ತೈದು ವರ್ಷ ಗುಟ್ಟೆಂದು ನಂಬಿದ್ದ ಕಿರಣನ ಬಾಯಲ್ಲಿ ಮಂಡಕ್ಕಿ ಹಾಗೇ ನಿಂತಿತು.

"ಎಲ್ಲರಿಗೂ ಬಾಲ ಹಚ್ಚಿದಿ, ನಿನಗೊಂದು ಇರಲಿಲ್ಲ. ಅದಕ್ಕ ನನ್ನ ಲಿಂಕಿನಾಗ ಕೈವಾರ ಅಳಿಸಿ ನಕಲುಪ್ರತಿ ಅಂತ ಬರದೆ. ಆ ಲಿಂಕ್ ನಿಮ್ಮ ಗ್ರೂಪಿಗೂ ಹಾಕೀನಿ, ಎಲ್ಲರೂ ತಪ್ಪದ ಒತ್ರಿ ಅಂತ."

ಅಷ್ಟರಲ್ಲಿ ರೋಹಿಣಿಯ ಫೋನು. "ಈಗ ಎಲ್ಲರೂ ನಗ್ತಾ ಲಿಂಕ್ ಒತ್ತಿದಾರೆ. ಯಾರ್ಯಾರು ಅಂತ ಬೇಗ ಹೇಳು."

ಕಿರಣ ಫೋನಿನಲ್ಲೇ ಲೆಕ್ಕದ ಪುಟ ತೆರೆದು ಸ್ವಲ್ಪ ಹೊತ್ತು ನೋಡಿದ.

"ಒಬ್ಬನೇ ನೋಡಿದ್ದು ರೋಹಿಣಿ" ಎಂದ. "ನಾನು. ಎಪ್ಪತ್ತೊಂದು ಸಲ."